ಸ್ಕೂಲಿನಲ್ಲಿ ಬಿದ್ದುಬಿಡುವ ಮಗಳು: ಮಂಡ್ಯಕ್ಕಾ, ಮೈಸೂರಿಗಾ, ಬೆಂಗಳೂರಿಗಾ?

ಪ್ರಶ್ನೆ: ನಾವು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯವರು. ಮಗಳಿಗೆ 14 ವರ್ಷ, ಒಂಬತ್ತನೇ ಕ್ಲಾಸು. ಏಳರವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿದಳು. ಎಂಟಕ್ಕೆ ಇಂಗ್ಲಿಷ್ ಮೀಡಿಯಂಗೆ ಹಾಕಿದೆವು. ಕೆಲವು ತಿಂಗಳಿಂದ ಸ್ಕೂಲಿನಲ್ಲಿ ಇದ್ದಕ್ಕಿದ್ದಂತೆ ಬಿದ್ದುಬಿಡುತ್ತಾಳೆ. ಕೈಕಾಲು ನಡುಗುತ್ತವೆ, ಕಣ್ಣು ಬಿಗಿಯಾಗಿ ಮುಚ್ಚಿರುತ್ತಾಳೆ, ಅರ್ಧ ಗಂಟೆಯಾದರೂ ಏಳುವುದಿಲ್ಲ. ಜಾಸ್ತಿ ಇಂಗ್ಲಿಷ್ ಪೀರಿಯಡ್ಡಿನಲ್ಲೇ ಹೀಗಾಗುತ್ತದೆ ಎಂದು ಟೀಚರ್ ಹೇಳಿದರು. ತಲೆ ಸ್ಕ್ಯಾನ್, ಇಇಜಿ ಎರಡೂ ನಾರ್ಮಲ್. ಒಬ್ಬ ಡಾಕ್ಟರು ಫಿಟ್ಸ್ ಮಾತ್ರೆ ಬರೆದುಕೊಟ್ಟರು. ಇನ್ನೊಬ್ಬರು ಏನೂ ಇಲ್ಲ, ಬರೀ ನಾಟಕ, ಬೇಕಾದರೆ ಮಾನಸಿಕ ಡಾಕ್ಟರಿಗೆ ತೋರಿಸಿ ಅಂದರು. ನಮ್ಮತ್ತೆ ಗಾಳಿ ಸೋಕಿದೆ, ತಡೆ ಒಡೆಸಬೇಕು ಅಂತಾರೆ. ಮೊನ್ನೆ ಅವಳೇ "ನಾನು ಸತ್ತೋದ್ರೆ ನಿಮಗೆಲ್ಲ ಆರಾಮ" ಅಂದಳು. ಪ್ರೈವೇಟಿಗೆ ತೋರಿಸಿ ತೋರಿಸಿ ದುಡ್ಡು ಮುಗಿದಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಮಕ್ಕಳಿಗೆ ಇಂಥದ್ದು ನೋಡುತ್ತಾರಾ? ಎಲ್ಲಿಗೆ ಹೋಗಬೇಕು? ಮುಂದೆ ಮದುವೆಗೆ ತೊಂದರೆ ಆಗಲ್ವಾ?

ಉತ್ತರ: ನೋಡುತ್ತಾರಮ್ಮ. ಮಂಡ್ಯದಿಂದಲೇ ಶುರು ಮಾಡಿ, ಈ ವಾರವೇ ಹೋಗಿ. ಆದರೆ ಆಸ್ಪತ್ರೆಯ ವಿಷಯಕ್ಕೆ ಮುಂಚೆ ಮಗಳು ಮೊನ್ನೆ ಆಡಿದ ಮಾತಿನ ಬಗ್ಗೆ ಹೇಳುತ್ತೇನೆ.

ಅದನ್ನು ಸಿಟ್ಟಿಗೆ ಅಂದಳು ಎಂದು ಬಿಟ್ಟುಬಿಡಬೇಡಿ. ಇವತ್ತೇ, ಮನೆಯಲ್ಲಿ ಗಲಾಟೆ ಇಲ್ಲದ ಹೊತ್ತು ನೋಡಿ, ಪಕ್ಕದಲ್ಲಿ ಕೂತು ಕೇಳಿ. "ಸಾಯಬೇಕು ಅಂತ ಅನ್ನಿಸ್ತಾ ಇದೆಯಾ ಮಗಳೇ? ಏನಾದರೂ ಮಾಡ್ಕೋಬೇಕು ಅಂತ ಯೋಚನೆ ಬಂದಿದೆಯಾ?" ಹೀಗೆ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತದೆ ಎಂದು ಅಪ್ಪ ಅಮ್ಮಂದಿರು ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳುವವರು ಒಬ್ಬರಾದರೂ ಇದ್ದಾರೆ ಎಂದು ಗೊತ್ತಾದರೆ ಮಗುವಿಗೆ ಅರ್ಧ ಭಾರ ಇಳಿಯುತ್ತದೆ. ಗದ್ದೆಗೆ ಹೊಡೆಯುವ ಔಷಧಿ, ಇಲಿ ಪಾಷಾಣ, ಅಜ್ಜಿಯ ಬಿಪಿ ಮಾತ್ರೆ ಎಲ್ಲವನ್ನೂ ಬೀಗದೊಳಗೆ ಇಡಿ. ಗದ್ದೆ ಔಷಧಿಯ ಡಬ್ಬವಂತೂ ಮನೆಯಲ್ಲಿ ಇರುವುದೇ ಬೇಡ. ಈ ವಯಸ್ಸಿನ ಮಕ್ಕಳು ಇಂಥದ್ದನ್ನು ಒಂದು ಗಳಿಗೆಯ ಸಂಕಟದಲ್ಲಿ ಮಾಡಿಕೊಳ್ಳುವುದೇ ಜಾಸ್ತಿ. ಆ ಗಳಿಗೆಯಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ.

"ಹೌದು, ಯೋಚನೆ ಬಂದಿದೆ" ಅಂದರೆ ಅವಳನ್ನು ಒಬ್ಬಳನ್ನೇ ಬಿಡಬೇಡಿ. ಬೈಯಬೇಡಿ, ಆಣೆ ಹಾಕಿಸಿಕೊಳ್ಳಬೇಡಿ. ಅಂದೇ ಮಂಡ್ಯದ ಮಿಮ್ಸ್ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ನಡುರಾತ್ರಿಯಲ್ಲಿ ಏನು ಮಾಡಬೇಕೋ ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ. ಕನ್ನಡದಲ್ಲೇ ಮಾತಾಡುತ್ತಾರೆ, ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ. ನೀವೂ ಮಾತಾಡಬಹುದು, ಮಗಳೂ ಮಾತಾಡಬಹುದು.

ಈಗ ಅವಳು ಬೀಳುವ ವಿಷಯ. ಮಗುವನ್ನು ನೋಡದೆ ಇಂಥದ್ದೇ ಕಾಯಿಲೆ ಎಂದು ಯಾರೂ ಹೇಳಬಾರದು, ನಾನೂ ಹೇಳುವುದಿಲ್ಲ. ಆದರೆ ನಿಮ್ಮ ಪತ್ರದಲ್ಲೇ ಗುರುತುಗಳಿವೆ. ಮೂರ್ಛೆ ರೋಗದ ಫಿಟ್ಸ್ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ನಿಲ್ಲುತ್ತದೆ. ಆಗ ಕಣ್ಣು ತೆರೆದೇ ಇರುತ್ತದೆ. ನಾಲಿಗೆ ಕಚ್ಚಿಕೊಳ್ಳುವುದು, ಬಟ್ಟೆಯಲ್ಲೇ ಮೂತ್ರ ಹೋಗುವುದು, ನಿದ್ದೆಯಲ್ಲೇ ಬರುವುದು ಉಂಟು. ನಿಮ್ಮ ಮಗಳದ್ದು ಅರ್ಧ ಗಂಟೆ ಇರುತ್ತದೆ, ಕಣ್ಣು ಬಿಗಿಯಾಗಿ ಮುಚ್ಚಿರುತ್ತದೆ, ಒಂದೇ ಜಾಗ, ಒಂದೇ ಪೀರಿಯಡ್ಡು. ಇದು ಮನಸ್ಸಿಗೆ ತಡೆಯಲಾಗದ ಒತ್ತಡ ಮೈಯಲ್ಲಿ ಹೊರಬೀಳುವ ರೀತಿ ಇದ್ದಂತಿದೆ. ಡಾಕ್ಟರು ಚೀಟಿಯಲ್ಲಿ 'ಡಿಸೋಸಿಯೇಟಿವ್' ಎಂದು ಬರೆಯಬಹುದು. ಈ ವಯಸ್ಸಿನ ಹೆಣ್ಣುಮಕ್ಕಳಲ್ಲಿ ನಾವು ಇದನ್ನು ತುಂಬಾ ನೋಡುತ್ತೇವೆ. ಗಂಡುಮಕ್ಕಳಿಗೂ ಬರುತ್ತದೆ.

ಇದು ನಾಟಕ ಅಲ್ಲ. ಹಾಗೆ ಅಂದವರು ಡಾಕ್ಟರೇ ಆಗಿರಲಿ, ತಪ್ಪು. ಅವಳು ಬೇಕು ಅಂತ ಬೀಳುವುದಿಲ್ಲ, ಬೇಡ ಅಂದರೆ ನಿಲ್ಲುವುದೂ ಇಲ್ಲ. ಸ್ಕ್ಯಾನ್ ನಾರ್ಮಲ್ ಬಂದರೆ ಕಾಯಿಲೆಯೇ ಇಲ್ಲ ಅಂತಲ್ಲ. ಚಿಕಿತ್ಸೆ ಬೇರೆ ಕಡೆ ಇದೆ ಅಂತ. ಹಾಗೆಯೇ ಇಇಜಿ, ಅಂದರೆ ಮಿದುಳಿನ ಅಲೆಗಳ ಪರೀಕ್ಷೆ, ಒಂದು ಸಲ ನಾರ್ಮಲ್ ಬಂದ ಮಾತ್ರಕ್ಕೆ ಮೂರ್ಛೆ ರೋಗ ಇಲ್ಲವೇ ಇಲ್ಲ ಎಂದೂ ಆಗುವುದಿಲ್ಲ. ಕೆಲವು ಮಕ್ಕಳಿಗೆ ಎರಡೂ ಇರುತ್ತವೆ. ಹಾಗಾಗಿ ಆ ಫಿಟ್ಸ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಒಮ್ಮೆಲೇ ಬಿಟ್ಟರೆ ನಿಜವಾದ ಫಿಟ್ಸ್ ಬರಬಹುದು. ಬೇಡ ಅನ್ನಿಸಿದರೆ ಡಾಕ್ಟರೇ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾರೆ.

ಇದಕ್ಕೆಲ್ಲ ತುಂಬಾ ಸಹಾಯವಾಗುವುದು ಒಂದು ಮೊಬೈಲ್ ವಿಡಿಯೋ. ಮುಂದಿನ ಸಲ ಬಿದ್ದಾಗ ಯಾರಾದರೂ ಒಬ್ಬ ಟೀಚರ್ ಅಥವಾ ನೀವು ಎರಡು ನಿಮಿಷ ವಿಡಿಯೋ ಮಾಡಿ. ಮುಖ, ಕಣ್ಣು, ಕೈಕಾಲು ಕಾಣಬೇಕು. ಡಾಕ್ಟರಿಗೆ ಮಾತ್ರ ತೋರಿಸಿ, ವಾಟ್ಸಾಪಿನಲ್ಲಿ ಯಾರಿಗೂ ಕಳಿಸಬೇಡಿ. ಒಪಿಡಿಗೆ ಬರುವ ತಾಯಂದಿರು ಬಟ್ಟೆ ಅಂಗಡಿಯ ಕವರಿನ ತುಂಬ ಸ್ಕ್ಯಾನ್ ಫಿಲ್ಮು ತಂದಿರುತ್ತಾರೆ. ಎಷ್ಟೋ ಸಲ ಅಷ್ಟೂ ಫಿಲ್ಮು ಹೇಳದ್ದನ್ನು ಆ ಎರಡು ನಿಮಿಷದ ವಿಡಿಯೋ ಹೇಳಿಬಿಡುತ್ತದೆ.

ಬಿದ್ದಾಗ ಸುತ್ತ ಗುಂಪು ಸೇರಲು ಬಿಡಬೇಡಿ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಒಬ್ಬರು ಹತ್ತಿರ ಕೂತು ಮೆಲ್ಲಗೆ "ಏನೂ ಆಗಲ್ಲ, ಇಲ್ಲೇ ಇದ್ದೀನಿ" ಅಂದರೆ ಸಾಕು. ಕೈಗೆ ಕಬ್ಬಿಣ, ಬೀಗದ ಕೈ ಕೊಡುವುದು ಬೇಡ. ಈರುಳ್ಳಿ, ಚಪ್ಪಲಿ ಮೂಸಿಸುವುದು ಬೇಡ. ಚಿವುಟುವುದು, ಮುಖಕ್ಕೆ ನೀರು ಎರಚುವುದು, ಬಾಯಿಗೆ ಏನಾದರೂ ತುರುಕುವುದು ಯಾವುದೂ ಬೇಡ. ಉಸಿರಾಟ ಸರಿಯಿಲ್ಲ, ತುಟಿ ನೀಲಿಯಾಯಿತು, ತಲೆಗೆ ಪೆಟ್ಟು ಬಿತ್ತು, ಅಥವಾ ಯಾವತ್ತಿನಂತೆ ಇಲ್ಲದೆ ಬೇರೆ ಥರ ಕಾಣಿಸಿತು ಅಂದರೆ ಮಾತ್ರ ಕಾಯದೆ 108ಕ್ಕೆ ಫೋನ್ ಮಾಡಿ.

ಇಂಗ್ಲಿಷ್ ಪೀರಿಯಡ್ಡಿನ ವಿಷಯ ಬರೆದಿದ್ದೀರಲ್ಲ, ಅದು ಇಡೀ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು. ಮನೆಯಲ್ಲೇ ಒಂದು ಕೆಲಸ ಮಾಡಿ. ಅವಳ ಏಳನೇ ಕ್ಲಾಸಿನ ಕನ್ನಡ ಪುಸ್ತಕದ ಒಂದು ಪುಟ ಕೊಟ್ಟು, ಪರೀಕ್ಷೆ ಅನ್ನಿಸದ ಹಾಗೆ, ಓದಿ ಹೇಳು ಅನ್ನಿ. ಸರಾಗವಾಗಿ ಓದಿದರೆ ಕಷ್ಟ ಇರುವುದು ಮೀಡಿಯಂ ಬದಲಾದದ್ದರಲ್ಲಿ ಇರಬಹುದು. ಏಳು ವರ್ಷ ಕನ್ನಡದಲ್ಲಿ ಓದಿದ ಮಗುವಿಗೆ ಎಂಟಕ್ಕೆ ಬಂದ ಕೂಡಲೇ ವಿಜ್ಞಾನ, ಗಣಿತ ಎಲ್ಲವೂ ಇಂಗ್ಲಿಷಿನಲ್ಲಿ ಅಂದರೆ ಅದು ಸಣ್ಣ ಭಾರ ಅಲ್ಲ. ಆದರೆ ಕನ್ನಡದಲ್ಲೂ ತಡವರಿಸಿದರೆ, ಒತ್ತಕ್ಷರ ಬಿಟ್ಟು ಓದಿದರೆ, ಬರೆಯುವಾಗ ದೀರ್ಘ ನುಂಗಿದರೆ, ಒಂದು ಸಾಲು ಓದಿ ಮುಂದಿನ ಸಾಲಿಗೆ ಬರುವಷ್ಟರಲ್ಲಿ ಸುಸ್ತಾದರೆ, ಅವಳಿಗೆ ಕಲಿಕೆಯ ತೊಂದರೆ ಇರಬಹುದು. ಬುದ್ಧಿ ಚೆನ್ನಾಗಿಯೇ ಇರುತ್ತದೆ, ಓದು ಬರಹ ಮಾತ್ರ ಹತ್ತುವುದಿಲ್ಲ. ಚುರುಕಾದ ಮಕ್ಕಳು ಕಿವಿಯಲ್ಲಿ ಕೇಳಿದ್ದನ್ನೇ ನೆನಪಿಟ್ಟುಕೊಂಡು ಏಳನೇ ಕ್ಲಾಸಿನವರೆಗೂ ಸಾಗಿಸಿಬಿಡುತ್ತಾರೆ. ಯಾರಿಗೂ ಗೊತ್ತೇ ಆಗುವುದಿಲ್ಲ.

ಇಷ್ಟೇ ಕಾರಣ ಎಂದು ನಿಲ್ಲಿಸಿಬಿಡಲೂಬಾರದು. ಆ ಪೀರಿಯಡ್ಡಿನಲ್ಲಿ ಎದ್ದು ನಿಂತು ಓದುವಾಗ ಯಾರಾದರೂ ನಗುತ್ತಾರಾ? ಯಾರಾದರೂ ಅವಳಿಗೆ ಹಿಂಸೆ ಕೊಡುತ್ತಿದ್ದಾರಾ? ಸ್ಕೂಲಿಗೆ ಹೋಗಿ ಬರುವ ದಾರಿಯಲ್ಲಿ, ಮನೆಯಲ್ಲಿ, ನೆಂಟರಲ್ಲಿ ಯಾರಿಂದಾದರೂ ತೊಂದರೆ ಇದೆಯಾ? ಇವನ್ನೆಲ್ಲ ಡಾಕ್ಟರು ಕೇಳುತ್ತಾರೆ. ಸ್ವಲ್ಪ ಹೊತ್ತು ನಿಮ್ಮನ್ನು ಹೊರಗೆ ಕೂರಿಸಿ ಅವಳ ಹತ್ತಿರ ಒಬ್ಬಳೇ ಇರುವಾಗ ಮಾತಾಡುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ. ಅಮ್ಮನಿಗೆ ನೋವಾಗುತ್ತದೆ ಎಂದು ಮಕ್ಕಳು ಎದುರಿಗೆ ಹೇಳದ ಮಾತುಗಳು ಎಷ್ಟೋ ಇರುತ್ತವೆ. ಒಂದು ವಿಷಯ ನಿಮಗೆ ಮೊದಲೇ ಗೊತ್ತಿರಲಿ. ಲೈಂಗಿಕ ದೌರ್ಜನ್ಯ ಆಗಿದೆ ಎಂದು ಮಗು ಹೇಳಿದರೆ ಪೋಕ್ಸೊ ಕಾಯ್ದೆಯ ಪ್ರಕಾರ ಅದನ್ನು ಪೊಲೀಸರಿಗೆ ತಿಳಿಸಲೇಬೇಕು. ಅಂಥ ಹೊತ್ತಿನಲ್ಲಿ ಮಕ್ಕಳ ಸಹಾಯವಾಣಿ 1098 ಕೂಡ ನಿಮ್ಮ ಜೊತೆಗಿರುತ್ತದೆ.

ಇನ್ನು ಎಲ್ಲಿಗೆ ಅನ್ನುವುದು. ಮಂಡ್ಯದ ಮಿಮ್ಸ್ ಎಂದರೆ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ನಿಮ್ಮ ಜಿಲ್ಲೆಯ ದೊಡ್ಡ ಸರ್ಕಾರಿ ಆಸ್ಪತ್ರೆ. ಅಲ್ಲಿ ಮನೋವೈದ್ಯಕೀಯ ವಿಭಾಗ ಇದೆ, ಮಕ್ಕಳ ವಿಭಾಗವೂ ಒಂದೇ ಆವರಣದಲ್ಲಿ ಸಿಗುತ್ತದೆ. ಬೆಳಿಗ್ಗೆ ಬೇಗ ಹೋಗಿ ಒಪಿಡಿ ಚೀಟಿ ಮಾಡಿಸಿ. ಆಧಾರ್, ರೇಷನ್ ಕಾರ್ಡು, ಹಳೆಯ ಚೀಟಿಗಳು, ಈಗ ಕೊಡುತ್ತಿರುವ ಮಾತ್ರೆಯ ಪಟ್ಟಿ, ಆ ವಿಡಿಯೋ, ಅವಳ ಎರಡು ನೋಟ್‌ಬುಕ್ಕು ತೆಗೆದುಕೊಂಡು ಹೋಗಿ. ನೋಟ್‌ಬುಕ್ಕು ಯಾಕೆ ಅಂತೀರಾ? ಮಗು ಬರೆಯುವ ರೀತಿ ನೋಡಿದರೆ ಅರ್ಧ ಕಥೆ ಗೊತ್ತಾಗುತ್ತದೆ.

ಪಾಂಡವಪುರದಿಂದ ಮೈಸೂರೂ ಹತ್ತಿರವೇ. ಕೆ.ಆರ್. ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೂ ಹೋಗಬಹುದು, ಜಿಲ್ಲೆ ಬೇರೆ ಅನ್ನುವುದು ಅಡ್ಡಿಯಲ್ಲ. ಆದರೂ ನಾನು ಮಂಡ್ಯ ಅನ್ನುವುದಕ್ಕೆ ಕಾರಣ ಇದೆ. ಈ ಚಿಕಿತ್ಸೆ ಒಂದು ಸಲ ಹೋಗಿ ಬಂದರೆ ಮುಗಿಯುವುದಲ್ಲ, ಮತ್ತೆ ಮತ್ತೆ ಹೋಗಬೇಕು. ನಿಮ್ಮ ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್ ನಡೆಯುವುದು ಮಂಡ್ಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕೆಳಗೆ. ಈ ಕ್ಲಿನಿಕ್ಕನ್ನು ರಾಜ್ಯ ಸರ್ಕಾರ 2014ರಲ್ಲಿ ಶುರು ಮಾಡಿತು. ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬರುತ್ತಾರೆ. ಯಾವ ಮಂಗಳವಾರ ನಿಮ್ಮ ತಾಲ್ಲೂಕಿನದ್ದು ಎಂದು ಆಶಾ ಕಾರ್ಯಕರ್ತೆಯ ಹತ್ತಿರ ಮೊದಲೇ ಕೇಳಿಕೊಳ್ಳಿ. ಒಮ್ಮೆ ಮಂಡ್ಯದಲ್ಲಿ ಪೂರ್ತಿ ನೋಡಿಸಿ, ಆಮೇಲಿನ ಕೆಲವು ಭೇಟಿಗಳನ್ನು ಪಾಂಡವಪುರದಲ್ಲೇ ಮಾಡಿಕೊಂಡರೆ ನಿಮ್ಮ ಕೂಲಿಯೂ ಉಳಿಯುತ್ತದೆ, ಅವಳ ಹಾಜರಿಯೂ ಉಳಿಯುತ್ತದೆ. 10ರಿಂದ 19 ವರ್ಷದವರಿಗೆ ಸ್ನೇಹ ಕ್ಲಿನಿಕ್ ಎಂಬುದೂ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಅದರ ಆಪ್ತಸಮಾಲೋಚಕರು ಇದ್ದಾರಾ ಎಂದು ವಿಚಾರಿಸಿ. ಔಷಧಿ ಬರೆಯುವವರು ಅವರಲ್ಲ, ಆದರೆ ನಡುವೆ ಕೂತು ಮಾತಾಡಲು ಒಬ್ಬರು ಸಿಕ್ಕರೆ ಈ ವಯಸ್ಸಿನವರಿಗೆ ಅದೇ ದೊಡ್ಡದು.

ಇಲ್ಲಿ ನನ್ನ ಮನಸ್ಸಿನ ಮಾತು ಹೇಳಿಬಿಡುತ್ತೇನೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ದಾರಿ ತೋರಿಸಿದ್ದೇ ನಮ್ಮ ಕರ್ನಾಟಕ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ್ದನ್ನೇ 1996ರಿಂದ ದೇಶದ ಬೇರೆ ಜಿಲ್ಲೆಗಳಿಗೂ ತೆಗೆದುಕೊಂಡು ಹೋದರು. ಆದರೆ ಅದನ್ನು ಕಟ್ಟುವಾಗ ಕಣ್ಣ ಮುಂದಿದ್ದದ್ದು ದೊಡ್ಡವರು, ತೀವ್ರ ಕಾಯಿಲೆಯವರು. ಮಕ್ಕಳು ಆಮೇಲೆ ಸೇರಿದರು. ಒಂದು ಬೆಳಿಗ್ಗೆ ಎಷ್ಟು ಜನರನ್ನು ನೋಡಿದಿರಿ ಎಂದು ಲೆಕ್ಕ ಕೇಳುವ ಕ್ಲಿನಿಕ್ಕಿನಲ್ಲಿ, ಬಾಯಿ ಬಿಡಲು ಅರ್ಧ ಗಂಟೆ ಬೇಕಾದ ಮಗುವಿಗೆ ಜಾಗ ಎಲ್ಲಿದೆ? 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ನೂರಕ್ಕೆ 7.3 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ. 40 ಮಕ್ಕಳ ಕ್ಲಾಸಿನಲ್ಲಿ ಸುಮಾರು ಮೂವರು. ಇಷ್ಟು ಮಕ್ಕಳಿಗಾಗಿ ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ವಾರಕ್ಕೊಂದು ದಿನವಾದರೂ ಮಕ್ಕಳ ಮನಸ್ಸಿನ ಒಪಿಡಿ ಅಂತಲೇ ಬೇರೆ ಇರಬೇಕು. ಅದು ಬರುವವರೆಗೆ ನೀವು ಬಾಯಿಬಿಟ್ಟು ಕೇಳಬೇಕು: "ಇವಳ ಹತ್ತಿರ ನಿಧಾನವಾಗಿ ಮಾತಾಡಬೇಕು ಡಾಕ್ಟ್ರೇ, ಸೈಕಾಲಜಿಸ್ಟ್ ಹತ್ರ ಟೈಮ್ ಕೊಡಿಸಿ." ಇದು ದಯೆ ಬೇಡುವುದಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಕ್ಕಳ ಮಾನಸಿಕ ಆರೋಗ್ಯ ಸೇವೆಯನ್ನು ಸರ್ಕಾರ ಕೊಡಬೇಕು ಎಂದು ಸ್ಪಷ್ಟವಾಗಿ ಹೇಳಿದೆ. ಅದಕ್ಕಾಗಿ ಮಕ್ಕಳು ದೂರದ ಊರಿಗೆ ಅಲೆಯುವಂತಾಗಬಾರದು ಎಂದೂ ಹೇಳಿದೆ. ಬಡತನ ರೇಖೆಯ ಕೆಳಗಿರುವವರಿಗೆ, ಬಿಪಿಎಲ್ ಕಾರ್ಡು ಇರಲಿ ಇಲ್ಲದಿರಲಿ, ಸರ್ಕಾರಿ ಆಸ್ಪತ್ರೆಯಲ್ಲಿ ಈ ಚಿಕಿತ್ಸೆ ಉಚಿತ.

ಚಿಕಿತ್ಸೆ ಅಂದರೆ ಏನು ಎಂದು ನಿಮಗೆ ಕುತೂಹಲ ಇರಬಹುದು. ಬೀಳುವುದನ್ನು ನಿಲ್ಲಿಸುವ ಮಾತ್ರೆ ಅಂತ ಯಾವುದೂ ಇಲ್ಲ. ಜೊತೆಗೆ ಖಿನ್ನತೆಯೋ ತುಂಬಾ ಭಯವೋ ಇದ್ದರೆ ಅದಕ್ಕೆ ಮಾತ್ರೆ ಕೊಡಬಹುದು. ಅದು ಕೆಲಸ ಮಾಡಲು ಕೆಲವು ವಾರ ಬೇಕು, ಸರಿಯಾಗಿ ತೆಗೆದುಕೊಂಡರೆ ಚಟವಾಗುವುದಿಲ್ಲ. ಮುಖ್ಯವಾದದ್ದು ಮಾತು. ಬೀಳುವ ಮುಂಚೆ ಮೈಯಲ್ಲಿ ಏನಾಗುತ್ತದೆ ಎಂದು ಅವಳೇ ಗುರುತಿಸಬೇಕು. ಎದೆ ಹೊಡೆದುಕೊಳ್ಳುವುದಾ, ಕೈ ಜುಮ್ಮೆನ್ನುವುದಾ, ಕಿವಿ ಮುಚ್ಚಿದಂತಾಗುವುದಾ? ಆ ಹೊತ್ತಿಗೆ ಉಸಿರು ನಿಧಾನ ಮಾಡಿಕೊಳ್ಳುವುದು, ಕಾಲನ್ನು ನೆಲಕ್ಕೆ ಒತ್ತಿ ಹಿಡಿಯುವುದು, ಎದುರಿಗೆ ಕಾಣುವ ವಸ್ತುಗಳ ಹೆಸರು ಒಂದೊಂದಾಗಿ ಹೇಳಿಕೊಳ್ಳುವುದು ಕಲಿಸುತ್ತಾರೆ. ಇದು ಸಣ್ಣದು ಅನ್ನಿಸಬಹುದು. ಮೈ ತನ್ನ ಕೈತಪ್ಪಿ ಹೋಗುವುದಿಲ್ಲ ಎಂದು ಒಂದು ಸಲ ಗೊತ್ತಾದ ಮಗು ಬದಲಾಗುತ್ತಾ ಹೋಗುವುದನ್ನು ನಾವು ಕಣ್ಣಾರೆ ನೋಡುತ್ತೇವೆ.

ಕಲಿಕೆಯ ತೊಂದರೆ ಇದೆಯಾ ಎಂದು ಪರೀಕ್ಷೆ ಮಾಡಿಸಲು ಮೈಸೂರಿಗೆ ಹೋಗಿ. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಕೇಂದ್ರ ಸರ್ಕಾರದ್ದು, 1965ರಿಂದ ಇದೆ. ಮಾತು ಬಾರದ, ಕಿವಿ ಕೇಳದ ಮಕ್ಕಳಿಗೆ ಮಾತ್ರ ಅದು ಎಂದು ನಮ್ಮ ಕಡೆ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಓದು ಬರಹದ ತೊಂದರೆ, ಆಟಿಸಂ ಇವನ್ನೂ ಅಲ್ಲಿ ನೋಡುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟರೂ ವಿಶೇಷ ಶಿಕ್ಷಕರೂ ಅಲ್ಲೇ ಇದ್ದಾರೆ. ಒಂದೇ ದಿನದಲ್ಲಿ ಮುಗಿಯದೆ ಇರಬಹುದು, ಮತ್ತೊಮ್ಮೆ ಬರಲು ಹೇಳಿದರೆ ತಪ್ಪಿಸಬೇಡಿ. ಕಲಿಕೆಯ ತೊಂದರೆ ಇದೆ ಎಂದು ತೀರ್ಮಾನವಾದರೆ ಅದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಬರುತ್ತದೆ. ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚುವರಿ ಸಮಯದಂಥ ರಿಯಾಯಿತಿ ಕೇಳಬಹುದು. ಅದಕ್ಕೆ ಪ್ರಮಾಣಪತ್ರ ಬೇಕು, ಹೆಡ್‌ಮಾಸ್ಟರ ಮೂಲಕ ಅರ್ಜಿ ಹೋಗಬೇಕು. ಹಾಗಾಗಿ ಒಂಬತ್ತರಲ್ಲೇ ಮಾಡಿಸಿ. ಹಾಲ್ ಟಿಕೆಟ್ ಬರುವ ಹೊತ್ತಿಗೆ ಓಡಾಡಿದರೆ ಆಗುವುದಿಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಈಗಲೇ ಬೇಡ. ಅಲ್ಲಿ ಮಕ್ಕಳ ಮನೋವೈದ್ಯಕೀಯಕ್ಕೆ ಬೇರೆ ವಿಭಾಗವೇ ಇದೆ, ಒಳ್ಳೆಯ ಚಿಕಿತ್ಸೆ ಸಿಗುತ್ತದೆ, ಮಗುವಿನ ಜೊತೆ ಮನೆಯವರೂ ವಾರ್ಡಿನಲ್ಲಿ ಇರುತ್ತಾರೆ. ಆದರೆ ಮಿಮ್ಸ್‌ನವರು ಕಳಿಸಿದರೆ ಹೋಗಿ. ಫಿಟ್ಸ್ ಯಾವ ಥರದ್ದು ಎಂದು ತೀರ್ಮಾನಿಸಲು, ವಿಡಿಯೋ ಮಾಡುತ್ತಲೇ ಮಿದುಳಿನ ಅಲೆಗಳನ್ನೂ ನೋಡುವ ವಿಡಿಯೋ ಇಇಜಿ ಬೇಕಾದಾಗ, ಅಥವಾ ಇಲ್ಲಿಯ ಚಿಕಿತ್ಸೆಗೆ ಬಗ್ಗದಿದ್ದಾಗ, ರೆಫರ್ ಚೀಟಿ ಹಿಡಿದು ಹೋದರೆ ಅಲ್ಲಿಯವರಿಗೂ ಸುಲಭ. ದೊಡ್ಡ ಆಸ್ಪತ್ರೆಗೆ ಒಂದು ಸಲ ಹೋಗಿ ಬಂದು ಸುಮ್ಮನಾಗುವುದಕ್ಕಿಂತ ಹತ್ತಿರದಲ್ಲಿ ಬಿಡದೆ ತೋರಿಸುವುದು ನಿಮ್ಮ ಮಗಳಿಗೆ ಜಾಸ್ತಿ ಒಳ್ಳೆಯದು.

ನಿಮ್ಮತ್ತೆಯವರ ಜೊತೆ ಜಗಳ ಬೇಡ. ಅವರದ್ದೂ ಮೊಮ್ಮಗಳ ಮೇಲಿನ ಪ್ರೀತಿಯೇ. ದೇವಸ್ಥಾನಕ್ಕೆ ಹೋಗಿ ಕಾಯಿ ಒಡೆಸಿ ಬರಲಿ, ಅದಕ್ಕೆ ಯಾವ ಡಾಕ್ಟರೂ ಅಡ್ಡ ಬರುವುದಿಲ್ಲ. ಹೊಡೆಯುವುದು, ಹೊಗೆ ಹಾಕುವುದು, ಉಪವಾಸ ಕೆಡವುವುದು, ಮಾತ್ರೆ ನಿಲ್ಲಿಸು ಅನ್ನುವುದು ಇದ್ದರೆ ಮಾತ್ರ ಗಟ್ಟಿಯಾಗಿ ಬೇಡ ಅನ್ನಿ. ಸಾಧ್ಯವಾದರೆ ಅವರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಡಾಕ್ಟರ ಬಾಯಿಂದಲೇ ಕೇಳಿದರೆ ಎಷ್ಟೋ ಅಜ್ಜಿಯರು ಆಮೇಲೆ ತಾವೇ ಮಂಗಳವಾರ ನೆನಪಿಸುತ್ತಾರೆ.

ಮದುವೆಯ ಚಿಂತೆ ನನಗೆ ಅರ್ಥವಾಗುತ್ತದೆ. ಊರೆಂದ ಮೇಲೆ ನಾಲ್ಕು ಜನ ಮಾತಾಡುತ್ತಾರೆ. ಆದರೆ ಆಸ್ಪತ್ರೆಯವರು ಅವಳ ವಿಷಯವನ್ನು ಕಂಡವರಿಗೆ ಹೇಳುವಂತಿಲ್ಲ, ಗುಟ್ಟಾಗಿ ಇಡಬೇಕು ಎಂದು ಅದೇ 2017ರ ಕಾಯ್ದೆ ಹೇಳುತ್ತದೆ. ಈ ತೊಂದರೆ ಮಕ್ಕಳಲ್ಲಿ ದೊಡ್ಡವರಿಗಿಂತ ಚೆನ್ನಾಗಿ ವಾಸಿಯಾಗುತ್ತದೆ, ಅದೂ ಬೇಗ ತೋರಿಸಿದರೆ. ತೋರಿಸದೆ ಬಿಟ್ಟರೆ ಸ್ಕೂಲು ಬಿಡುತ್ತಾಳೆ. ಸ್ಕೂಲು ಬಿಟ್ಟ ಹುಡುಗಿಗೆ ಹದಿನೆಂಟು ತುಂಬುವ ಮುಂಚೆಯೇ ಗಂಡು ನೋಡಲು ಶುರು ಮಾಡುತ್ತಾರೆ. ನನಗೆ ಹೆದರಿಕೆ ಇರುವುದು ಅದರದ್ದು.

ಹಾಗಾಗಿ ಸ್ಕೂಲು ತಪ್ಪಿಸಬೇಡಿ. ಮಿಮ್ಸ್‌ನಲ್ಲಿ ನೋಡಿಸಿದ ದಿನವೇ ಹೆಡ್‌ಮಾಸ್ಟರಿಗೆ ಒಂದು ಪತ್ರ ಕೇಳಿ ಬರೆಸಿಕೊಳ್ಳಿ. ಕಾಯಿಲೆಯ ಹೆಸರು ಬೇಕಿಲ್ಲ. ಬಿದ್ದರೆ ಏನು ಮಾಡಬೇಕು, ಏನು ಮಾಡಬಾರದು ಅನ್ನುವುದು ಇದ್ದರೆ ಸಾಕು. ಎದ್ದ ಮೇಲೆ ಮನೆಗೆ ಕಳಿಸದೆ, ಸ್ವಲ್ಪ ಸುಧಾರಿಸಿಕೊಳ್ಳಲು ಬಿಟ್ಟು ಮತ್ತೆ ಅದೇ ಕ್ಲಾಸಿಗೆ ಕೂರಿಸಬೇಕು ಎಂದೂ ಬರೆಸಿ. ಇಂಗ್ಲಿಷ್ ಟೀಚರನ್ನು ನೀವೇ ಹೋಗಿ ನೋಡಿ. ದೂರು ಹೇಳಲು ಅಲ್ಲ. ಈ ಕೆಲವು ವಾರ ಅವಳನ್ನು ಎಬ್ಬಿಸಿ ನಿಲ್ಲಿಸಿ ಎಲ್ಲರೆದುರು ಓದಿಸಬೇಡಿ, ಓದು ಕೇಳಲೇಬೇಕಾದರೆ ಕ್ಲಾಸು ಬಿಟ್ಟ ಮೇಲೆ ಹತ್ತಿರ ಕರೆದು ಕೇಳಿ ಅನ್ನಿ. ಕನ್ನಡ ಮೀಡಿಯಂಗೆ ವಾಪಸ್ ಬರಲು ದಾರಿ ಇದೆಯಾ ಎಂದೂ ಈ ವರ್ಷ ಮುಗಿಯುವ ಮುಂಚೆಯೇ ಹೆಡ್‌ಮಾಸ್ಟರ ಹತ್ತಿರ ವಿಚಾರಿಸಿ, ಆದರೆ ಮೊದಲು ಮಗಳನ್ನು ಕೇಳಿ. ಅವಳಿಗೆ ಅದು ಬೇಡವಾಗಿದ್ದರೆ ಬಲವಂತ ಮಾಡಬೇಡಿ.